ಪರೀಕ್ಷೆ ಉಳಿಯಿತು, ಶಾಲೆ ಉಳಿಯಲಿಲ್ಲ

2021ರ ಜುಲೈ 20ರಂದು ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದಾಗ 2,239 ಮಕ್ಕಳಿಗೆ 600ಕ್ಕೆ 600 ಅಂಕ ಬಂದಿತ್ತು. ಆ ವರ್ಷ ಪರೀಕ್ಷೆಯೇ ನಡೆದಿರಲಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿಯ ಅಂಕಗಳ ಆಧಾರದ ಮೇಲೆ ಲೆಕ್ಕ ಹಾಕಿ ಎಲ್ಲರನ್ನೂ ಪಾಸು ಮಾಡಲಾಗಿತ್ತು. ಇಪ್ಪತ್ತು ದಿನ ಕಳೆದು ಆಗಸ್ಟ್ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಎರಡೇ ದಿನದಲ್ಲಿ ಮುಗಿದ, ಟಿಕ್ ಹಾಕುವ ಪ್ರಶ್ನೆಗಳ ಆ ಪರೀಕ್ಷೆ ಬರೆದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಅನುತ್ತೀರ್ಣರಾದವರು ಒಬ್ಬರು. ಅದೂ ತಮ್ಮ ಬದಲು ಬೇರೆಯವರಿಂದ ಬರೆಸಿದ ಕಾರಣಕ್ಕೆ. ಅಂಕಪಟ್ಟಿ ಮಾತ್ರ ನೋಡುವವರಿಗೆ ಕರ್ನಾಟಕದ ಹದಿಹರೆಯದವರ ಪಾಲಿಗೆ ಅಷ್ಟು ಸುಭಿಕ್ಷದ ವರ್ಷ ಹಿಂದೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಆ ಮಕ್ಕಳು ಅದಕ್ಕೂ ಹಿಂದಿನ ಒಂದೂವರೆ ವರ್ಷ ಎಲ್ಲಿದ್ದರು, ದಿನ ಹೇಗೆ ಕಳೆದರು, ಯಾರ ಹತ್ತಿರ ಮನಸ್ಸು ಬಿಚ್ಚಿದರು ಎಂಬುದನ್ನು ಮಾತ್ರ ಯಾರೂ ಎಲ್ಲೂ ಬರೆದಿಡಲಿಲ್ಲ. ಕೊರೊನಾ ಕಾಲದಲ್ಲಿ ಸರ್ಕಾರಕ್ಕೂ ಮನೆಯವರಿಗೂ ಟಿವಿ ಚಾನೆಲ್‌ಗಳಿಗೂ ಹದಿಹರೆಯದವರೆಂದರೆ ಪರೀಕ್ಷೆ ಬರೆಯಬೇಕಾದವರು. ಹದಿನಾಲ್ಕರಿಂದ ಹದಿನೆಂಟರ ನಡುವಿನ ಮಕ್ಕಳಿಗೆ ಶಾಲೆ ಎನ್ನುವುದು ಪಾಠ ಮತ್ತು ಪರೀಕ್ಷೆ ಎರಡೇ ಅಲ್ಲ. ಮನೆಯಿಂದ ಹೊರಬೀಳುವ ದಾರಿ ಅದು. ಗೆಳೆತನ, ಊಟ, ಆಟ, ಒಬ್ಬ ಮೇಷ್ಟ್ರ ಕಣ್ಣಳತೆ, ಹೆಣ್ಣುಮಕ್ಕಳಿಗಂತೂ ಒಂದು ರಕ್ಷಣೆ. ಬಾಗಿಲು ಹಾಕಿದಾಗ ಇವೆಲ್ಲ ಒಟ್ಟಿಗೆ ನಿಂತವು. ನಾವು ಕಷ್ಟಪಟ್ಟು ಉಳಿಸಿಕೊಂಡದ್ದು ಪರೀಕ್ಷೆಯೊಂದನ್ನೇ.

ಆ ದಿನಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳು ಮುಚ್ಚಿದವು, ಮಾರ್ಚ್ 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಮದ್ಯದಂಗಡಿಗಳು ಮೇ 4ಕ್ಕೆ ತೆರೆದವು. ಸಿನಿಮಾ ಮಂದಿರಗಳಿಗೆ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆಯೂ ಆಯಿತು, ಮತಗಟ್ಟೆಗಳಾಗಿದ್ದುದು ಬಹುಪಾಲು ಅದೇ ಶಾಲೆಗಳ ಕೊಠಡಿಗಳು. ಹತ್ತನೇ ತರಗತಿ ಮತ್ತು ದ್ವಿತೀಯ ಪಿಯು ಮಕ್ಕಳಿಗೆ ಆ ಕೊಠಡಿಗಳ ಬಾಗಿಲು ತೆರೆದದ್ದು 2021ರ ಜನವರಿ 1ಕ್ಕೆ, ಒಂಬತ್ತನೇ ತರಗತಿಗೆ ಫೆಬ್ರುವರಿ 1ಕ್ಕೆ. ಏಪ್ರಿಲ್ ಆರಂಭದಲ್ಲಿ ಎರಡನೇ ಅಲೆ ಬಂದು ಮತ್ತೆ ಬೀಗ. ಪ್ರೌಢಶಾಲೆ, ಪಿಯು ಕಾಲೇಜುಗಳು ಪುನಃ ತೆರೆದದ್ದು ಆಗಸ್ಟ್ 23ಕ್ಕೆ. ಅಂದರೆ 2020-21ರಲ್ಲಿ ಒಂಬತ್ತನೇ ತರಗತಿ ಓದಿದ ಹುಡುಗಿ ಆ ವರ್ಷ ತನ್ನ ಬೆಂಚಿನ ಮೇಲೆ ಕೂತು ಪಾಠ ಕೇಳಿದ್ದು ಹೆಚ್ಚೆಂದರೆ ಎರಡು ತಿಂಗಳು.

ಶಾಲೆ ಮುಚ್ಚಿದ್ದೇ ತಪ್ಪು ಎನ್ನುವುದು ಈಗ ಸುಲಭ. 2020ರಲ್ಲಿ ಲಸಿಕೆ ಇರಲಿಲ್ಲ, ಮನೆಮನೆಯಲ್ಲಿ ಅಜ್ಜ ಅಜ್ಜಿಯರಿದ್ದರು, ಸೋಂಕು ಹೇಗೆ ಹರಡುತ್ತದೆ ಎಂಬುದೇ ಸ್ಪಷ್ಟವಿರಲಿಲ್ಲ. ಹದಿನೈದು ದಾಟಿದ ಮಕ್ಕಳಿಗೆ ಲಸಿಕೆ ಸಿಕ್ಕಿದ್ದೇ 2022ರ ಜನವರಿ 3ರಿಂದ. ಆರಂಭದ ತಿಂಗಳುಗಳ ಎಚ್ಚರಿಕೆಗೆ ಕಾರಣವಿತ್ತು. ಆದರೆ ಅದೇ 2020ರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು ಎಂಬುದನ್ನು ಮರೆಯಬಾರದು. ಬಾಗಿಲಲ್ಲಿ ಥರ್ಮಲ್ ಸ್ಕ್ಯಾನರ್, ಕೈಗೆ ಸ್ಯಾನಿಟೈಸರ್, ದೂರ ದೂರ ಹಾಕಿದ ಬೆಂಚು, ಹಳ್ಳಿಯಿಂದ ಮಕ್ಕಳನ್ನು ಕರೆತರಲು ಬಸ್ಸು. ಕೆಲವರಿಗೆ ಸೋಂಕು ಕಂಡರೂ ಲಕ್ಷಾಂತರ ಮಕ್ಕಳು ಬರೆದು ಮನೆ ಸೇರಿದರು. ಮನಸ್ಸು ಮಾಡಿದರೆ ಮಕ್ಕಳನ್ನು ಎಚ್ಚರಿಕೆಯಿಂದ ಒಂದು ಕಡೆ ಸೇರಿಸುವ ಶಕ್ತಿ ನಮ್ಮ ಆಡಳಿತಕ್ಕಿದೆ ಎಂದು ಆಗಲೇ ಸಾಬೀತಾಯಿತು. ಆ ಶಕ್ತಿಯನ್ನು ಪರೀಕ್ಷೆಯ ಆಚೆಗೆ ಬಳಸಲಿಲ್ಲ ಎಂಬುದೇ ನನ್ನ ತಕರಾರು.

ಈ ವಯಸ್ಸಿಗೆ ಪೆಟ್ಟು ಜಾಸ್ತಿ ಬೀಳಲು ಕಾರಣ ಅದರ ಸ್ವಭಾವದಲ್ಲೇ ಇದೆ. ಐದು ವರ್ಷದ ಮಗುವಿಗೆ ಅಪ್ಪ ಅಮ್ಮ ಮನೆಯಲ್ಲಿದ್ದರೆ ಅದೇ ಹಬ್ಬ. ಹದಿನೈದರ ಹುಡುಗನಿಗೆ ಅದೇ ಅಪ್ಪ ಅಮ್ಮ ಇಪ್ಪತ್ನಾಲ್ಕು ಗಂಟೆ ಎದುರಿಗಿದ್ದರೆ ಉಸಿರು ಕಟ್ಟುತ್ತದೆ. ಇದು ಅವಿಧೇಯತೆಯಲ್ಲ, ಬೆಳವಣಿಗೆ. ತಾನು ಯಾರು, ತನ್ನನ್ನು ಯಾರು ಮೆಚ್ಚುತ್ತಾರೆ, ಯಾವ ಗುಂಪಿನಲ್ಲಿ ತನಗೆ ಜಾಗವಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕಾಲ ಅದು. ಆ ಉತ್ತರ ಮನೆಯೊಳಗೆ ಸಿಗುವುದಿಲ್ಲ, ಓರಗೆಯವರ ನಡುವೆ ಸಿಗುತ್ತದೆ. ಹದಿಹರೆಯದ ಮೆದುಳಿನ ಬಗ್ಗೆ ಕೆಲಸ ಮಾಡುವ ವಿಜ್ಞಾನಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಅವರ ಸಹಲೇಖಕರು 2020ರ ಜೂನ್‌ನಲ್ಲೇ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಓರಗೆಯವರೊಂದಿಗೆ ಮುಖಾಮುಖಿ ಒಡನಾಟ ಕಡಿಮೆಯಾದರೆ ಈ ವಯಸ್ಸಿನವರ ಮೇಲೆ ಅದರ ಪರಿಣಾಮ ದೀರ್ಘವಾಗಿರಬಹುದು ಎಂಬುದು ಅವರ ವಾದದ ತಿರುಳು.

ಗೆಳೆತನ ಫೋನಿನಲ್ಲಿ ಮುಂದುವರಿಯಿತಲ್ಲ ಎನ್ನಬಹುದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಶಾಲೆಯಲ್ಲಿ ಬೆಳಗ್ಗೆ ಜಗಳವಾಡಿ ಮಾತು ಬಿಟ್ಟವರು ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಚಿತ್ರಾನ್ನ ಹಂಚಿಕೊಂಡು ರಾಜಿಯಾಗುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ರಾಜಿಗೆ ಅಂಥ ಅವಕಾಶ ಇಲ್ಲ. ಮೆಸೇಜಿಗೆ ನೀಲಿ ಟಿಕ್ ಬಿದ್ದೂ ಉತ್ತರ ಬಾರದಿದ್ದರೆ ಅದನ್ನು ಕಳಿಸಿದ ಹುಡುಗಿ ರಾತ್ರಿಯಿಡೀ ಅದನ್ನೇ ನೋಡುತ್ತ ಮಲಗುತ್ತಾಳೆ. ಗುಂಪಿನಿಂದ ತೆಗೆದುಹಾಕಿದರೆ ಮರುದಿನ ಎದುರಿಗೆ ಹೋಗಿ ಕೇಳಲು ಕಾರಿಡಾರ್ ಇಲ್ಲ. ಹೊಸ ಶಾಲೆ, ಹೊಸ ಕಾಲೇಜು ಸೇರಿದವರ ಪಾಡು ಇನ್ನೂ ಕಷ್ಟ. 2020ರಲ್ಲಿ ಪಿಯುಗೆ ಸೇರಿದ ಅನೇಕರು ತಿಂಗಳುಗಟ್ಟಲೆ ಸಹಪಾಠಿಗಳ ಮುಖ ನೋಡಲಿಲ್ಲ. ಕ್ಯಾಮೆರಾ ಬಂದ್ ಆದ ಕಪ್ಪು ಚೌಕಗಳಲ್ಲಿ ಹೆಸರುಗಳಷ್ಟೇ ಪರಿಚಯ.

ಆನ್‌ಲೈನ್ ತರಗತಿ ಎಂಬ ಮಾತಿನಡಿ ಹತ್ತಾರು ಬಗೆಯ ಬದುಕುಗಳಿದ್ದವು. ಒಂದು ಮನೆಯಲ್ಲಿ ಲ್ಯಾಪ್‌ಟಾಪ್, ವೈಫೈ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ಇನ್ನೊಂದು ಮನೆಯಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ವಾಪಸು ಬರುತ್ತದೆ, ಆಮೇಲೆ ಅಣ್ಣ, ಅಕ್ಕ, ತಮ್ಮನ ಸರದಿ. 2020ರ ಸೆಪ್ಟೆಂಬರ್‌ನಲ್ಲಿ ನಡೆದ, ಶಿಕ್ಷಣದ ಸ್ಥಿತಿ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಶೇ 61.8ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಅದು ಶೇ 36.5 ಇತ್ತು. ಏರಿಕೆ ದೊಡ್ಡದೇ, ಆದರೆ ಮನೆಯಲ್ಲಿ ಫೋನ್ ಇದ್ದ ಮಾತ್ರಕ್ಕೆ ಅದು ಮಗುವಿನ ಕೈಯಲ್ಲಿತ್ತು ಎನ್ನಲಾಗದು. ಫೋನಿದ್ದರೂ ಮಲೆನಾಡಿನಲ್ಲಿ ನೆಟ್‌ವರ್ಕ್ ಇರಲಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಸುರಿಯುವ ಮಳೆಗೆ ತಂದೆ ಕೊಡೆ ಹಿಡಿದು ನಿಂತು, ಮಗಳು ಕೂತು ತರಗತಿ ಕೇಳುತ್ತಿದ್ದ ಚಿತ್ರ ನಾಡಿನಾಚೆಗೂ ಹರಿದಾಡಿತು. ಕೊಡಗಿನ ಮುಳ್ಳೂರಿನಲ್ಲಿ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದರು. ಛಲ ಎಂದು ನಾವು ಚಪ್ಪಾಳೆ ತಟ್ಟಿದೆವು. ಚಪ್ಪಾಳೆಗಿಂತ ಒಂದು ಟವರ್ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ದಿನಚರಿ ಎಂಬುದೇ ಕಳಚಿಬಿತ್ತು. ಪ್ರೌಢಾವಸ್ಥೆಗೆ ಬಂದಾಗ ದೇಹದ ನಿದ್ರೆಯ ಗಡಿಯಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ರಾತ್ರಿ ತಡವಾಗಿ ನಿದ್ದೆ, ಬೆಳಗ್ಗೆ ತಡವಾಗಿ ಎಚ್ಚರ. ಶಾಲೆಯ ಗಂಟೆ ಅದನ್ನು ಹೇಗೋ ಹಿಡಿದಿಟ್ಟಿತ್ತು. ಗಂಟೆ ನಿಂತಾಗ ಮಲಗುವುದು ಎರಡಕ್ಕೆ, ಏಳುವುದು ಹತ್ತಕ್ಕೆ. ಇದರಲ್ಲಿ ಒಳ್ಳೆಯದೂ ಇತ್ತು ಎಂಬುದನ್ನು ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಝೂರಿಚ್ ಪ್ರಾಂತದಲ್ಲಿ ನಡೆದ ಅಧ್ಯಯನದ ಪ್ರಕಾರ ಮನೆಯಿಂದ ಕಲಿಯುತ್ತಿದ್ದ ಅವಧಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಶಾಲಾ ದಿನಗಳಲ್ಲಿ 75 ನಿಮಿಷ ಹೆಚ್ಚು ನಿದ್ದೆ ಮಾಡಿದರು. ಬೆಳಗ್ಗೆ ಐದಕ್ಕೆ ಎದ್ದು ಟ್ಯೂಷನ್‌ಗೆ ಓಡುತ್ತಿದ್ದ ನಮ್ಮ ನಗರದ ಮಕ್ಕಳಲ್ಲೂ ಕೆಲವರು ಮೊದಲ ಬಾರಿ ಕಣ್ತುಂಬ ನಿದ್ದೆ ಮಾಡಿದರು. ತರಗತಿಯಲ್ಲಿ ಕಪ್ಪು, ದಪ್ಪ, ತೊದಲು ಎಂದು ಗೇಲಿಗೆ ಗುರಿಯಾಗುತ್ತಿದ್ದವರಿಗೆ ಮನೆಯೇ ವಾಸಿ ಎನಿಸಿತು. ತೋಟ, ಹೊಲ, ಕೊಟ್ಟಿಗೆಯ ಕೆಲಸದಲ್ಲಿ ಮೈಮರೆತವರೂ ಇದ್ದಾರೆ. ನಿರ್ಬಂಧ ಎಲ್ಲರನ್ನೂ ಒಂದೇ ರೀತಿ ಬಾಧಿಸಲಿಲ್ಲ. ಮನೆ ಎಂಥದ್ದು, ಜಾಗ ಎಷ್ಟು, ಹೆಣ್ಣೋ ಗಂಡೋ ಎಂಬುದರ ಮೇಲೆ ಅದರ ಭಾರ ನಿರ್ಧಾರವಾಯಿತು.

ಬೆಂಗಳೂರಿನ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ, ಕೆಲಸ ಹೋದ ಅಪ್ಪ, ಸಾಲದ ಮಾತು, ಗೋಡೆಗೆ ಆತು ಕೂತ ಹದಿನಾರರ ಹುಡುಗ. ಇಂಥ ಅದೆಷ್ಟೋ ಹುಡುಗರು ಗಾರೆ ಕೆಲಸಕ್ಕೆ, ಗ್ಯಾರೇಜಿಗೆ, ತರಕಾರಿ ಗಾಡಿಗೆ ಹೋದರು. ಕೈಗೆ ಕಾಸು ಬಂದ ಮೇಲೆ ಮತ್ತೆ ಪುಸ್ತಕ ಹಿಡಿಯುವುದು ಸುಲಭವಲ್ಲ. ಮೈದಾನಕ್ಕೆ ಬೀಗ ಬಿದ್ದ ಮೇಲೆ ಆಟ ಪರದೆಗೆ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿದರೆ ಹುಡುಗರು ಫ್ರೀ ಫೈರ್‌ಗೆ ಹೋದರು. ಅವರು ಹುಡುಕುತ್ತಿದ್ದದ್ದು ಬಂದೂಕನ್ನಲ್ಲ, ಇಯರ್‌ಫೋನಿನ ಆ ತುದಿಯಲ್ಲಿದ್ದ ಗೆಳೆಯನ ದನಿಯನ್ನು. ತಾಲ್ಲೂಕು ಕ್ರೀಡಾಕೂಟ, ಪ್ರತಿಭಾ ಕಾರಂಜಿ ಇಲ್ಲದೆ ವರ್ಷ ಕಳೆಯಿತು. ಓದಿನಲ್ಲಿ ಹಿಂದಿದ್ದು ಕಬಡ್ಡಿಯಲ್ಲೋ ಜಾನಪದ ಗೀತೆಯಲ್ಲೋ ಮುಂದಿದ್ದ ಮಕ್ಕಳಿಗೆ ಊರಿನ ಮುಂದೆ ತಲೆ ಎತ್ತಿ ನಿಲ್ಲಲು ಇದ್ದ ವೇದಿಕೆಗಳು ಅವು. ಹದಿನಾಲ್ಕರ ಒಳಗಿನವರು, ಹದಿನೇಳರ ಒಳಗಿನವರು ಎಂಬ ವಿಭಾಗಗಳಲ್ಲಿ ಕಳೆದುಹೋದ ವರ್ಷವನ್ನು ಯಾವ ಸುತ್ತೋಲೆಯೂ ವಾಪಸು ಕೊಡಲಾರದು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮುಚ್ಚಿದ ಶಾಲೆ ಎಂದರೆ ದಿನವಿಡೀ ಮನೆಗೆಲಸ. ತಮ್ಮನು ಮೊಬೈಲಿನಲ್ಲಿ ತರಗತಿ ಕೇಳುವಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಹಿಡಿದರೆ ಯಾರ ಜತೆ ಮಾತು ಎಂಬ ಅನುಮಾನ. ಈ ಅಂತರ ಕೊರೊನಾ ಹೋದ ಮೇಲೂ ಹೋಗಿಲ್ಲ. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ನಡುವೆ 2023ರಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು, ಹುಡುಗಿಯರಲ್ಲಿ ಶೇ 19.8ಕ್ಕೆ ಮಾತ್ರ. ಶಾಲೆಯಲ್ಲಿ ಕೊಡುತ್ತಿದ್ದ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಬಿಸಿಯೂಟ, ಹಾಲು ಎಲ್ಲಕ್ಕೂ ಅಡ್ಡಿಯಾಯಿತು. ಬಿಸಿಯೂಟದ ಬದಲು ಮನೆಗೆ ಅಕ್ಕಿ ಬೇಳೆ ಕೊಟ್ಟರು ನಿಜ. ಆದರೆ ಶಾಲೆಯ ತಟ್ಟೆಯಲ್ಲಿ ಬಡಿಸಿದ ಅನ್ನ ಆ ಮಗುವಿನದು, ಮನೆಗೆ ಬಂದ ಅಕ್ಕಿ ಮನೆಮಂದಿಯದು. ಕೊನೆಗೆ ಉಣ್ಣುವವಳು ಯಾರು ಎಂಬುದು ನಮಗೆಲ್ಲ ಗೊತ್ತಿದೆ.

ಬಾಲ್ಯವಿವಾಹದ ಲೆಕ್ಕ ಇನ್ನೂ ಕಹಿ. ಕೊರೊನಾ ಬರುವ ಸ್ವಲ್ಪ ಮೊದಲು ರಾಜ್ಯದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿ ಹದಿನೆಂಟು ತುಂಬುವ ಮುನ್ನ ಮದುವೆಯಾದವರು. ಬಾಲ್ಯವಿವಾಹ ಮೂಲತಃ ಅಸಿಂಧು ಎಂದು ಕಾನೂನು ತಿದ್ದುಪಡಿ ಮಾಡಿದ ರಾಜ್ಯದ ಸ್ಥಿತಿ ಇದು. ಲಾಕ್‌ಡೌನ್ ಈ ಪದ್ಧತಿಗೆ ಮೂರು ಕಡೆಯಿಂದ ಅನುಕೂಲ ಮಾಡಿಕೊಟ್ಟಿತು. ಮದುವೆಗೆ ಐವತ್ತೇ ಜನ ಎಂಬ ನಿಯಮದಿಂದ ಖರ್ಚು ಉಳಿಯಿತು. ಕೂಲಿ ಇಲ್ಲದ ಮನೆಗೆ ಒಂದು ಹೊಟ್ಟೆ ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗಿ ನಾಲ್ಕು ದಿನ ಕಾಣದಿದ್ದರೆ ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದ ಮೇಷ್ಟ್ರು ಇರಲಿಲ್ಲ. ಹಾಜರಿ ಪುಸ್ತಕ ಎಷ್ಟೋ ಹೆಣ್ಣುಮಕ್ಕಳಿಗೆ ಪೊಲೀಸ್ ಠಾಣೆಗಿಂತ ದೊಡ್ಡ ಕಾವಲು. ಅದು ಮುಚ್ಚಿತ್ತು.

ಇಷ್ಟೆಲ್ಲ ಮನಸ್ಸಿನ ಮೇಲೆ ಬೀಳದೆ ಇರುತ್ತದೆಯೇ? ಜಗತ್ತಿನ ಬೇರೆ ಬೇರೆ ಕಡೆಯ 29 ಅಧ್ಯಯನಗಳನ್ನು, ಅಂದರೆ 80 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2021ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಕೊರೊನಾ ಕಾಲದಲ್ಲಿ ಸರಾಸರಿ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ, ಐವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣ ಕಂಡಿತ್ತು. ಹಿಂದಿನ ಅಂದಾಜಿನ ಸುಮಾರು ಎರಡರಷ್ಟು ಇದು. ವಯಸ್ಸಿನಲ್ಲಿ ದೊಡ್ಡವರಲ್ಲಿ ಖಿನ್ನತೆ ಹೆಚ್ಚಿತ್ತು, ಹುಡುಗಿಯರಲ್ಲಿ ಖಿನ್ನತೆ, ಆತಂಕ ಎರಡೂ ಹೆಚ್ಚಿದ್ದವು. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526ಕ್ಕೆ, 2021ರಲ್ಲಿ 13,089ಕ್ಕೆ ಏರಿತು. ಪ್ರತಿ ಸಾವಿಗೂ ಹಲವು ಕಾರಣಗಳಿರುತ್ತವೆ, ಎಲ್ಲವನ್ನೂ ಲಾಕ್‌ಡೌನ್ ತಲೆಗೆ ಕಟ್ಟಲಾಗದು. ಆದರೂ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದ ವರ್ಷದಲ್ಲೂ ಈ ಸಂಖ್ಯೆ ಇಳಿಯಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಇನ್ನೊಂದು ತೊಡಕು, ಹೇಳಿಕೊಳ್ಳುವ ರೂಢಿಯೇ ನಮ್ಮಲ್ಲಿಲ್ಲ. 2021ರಲ್ಲಿ ಯುನಿಸೆಫ್ ಪ್ರಕಟಿಸಿದ, 21 ದೇಶಗಳ 15ರಿಂದ 24 ವಯಸ್ಸಿನವರ ಸಮೀಕ್ಷೆಯಲ್ಲಿ ಮನಸ್ಸಿನ ಸಮಸ್ಯೆಗೆ ಬೇರೆಯವರ ನೆರವು ಪಡೆಯುವುದು ಒಳ್ಳೆಯದು ಎಂದವರು ಸರಾಸರಿ ಶೇ 83. ಭಾರತದಲ್ಲಿ ಶೇ 41. ‘ಎಲ್ಲರಿಗೂ ಕಷ್ಟ ಇದೆ, ನಿಂಗೇನು ವಿಶೇಷ’ ಎಂಬ ಮಾತು ಕೇಳಿ ಬೆಳೆದವರು ಇನ್ನೇನು ಹೇಳಿಯಾರು? ಎರಡನೇ ಅಲೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡವರು, ಮುಖವನ್ನೂ ಕೊನೆಯ ಬಾರಿ ನೋಡಲಾಗದವರು ಮನೆಯೊಳಗೆ ದೊಡ್ಡವರಂತೆ ನಡೆದುಕೊಳ್ಳಬೇಕಾಯಿತು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಹಣ ಬೇಕಾದದ್ದೇ. ಅದರ ಜತೆಗೆ ವಾರಕ್ಕೊಮ್ಮೆ ಬಂದು ಮಾತಾಡಿಸುವ ಒಬ್ಬ ವ್ಯಕ್ತಿಯೂ ಬೇಕಿತ್ತು.

ದಾರಿ ಇರಲಿಲ್ಲ ಎಂದೇನೂ ಅಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ ಅಂಥದ್ದೊಂದು ದಾರಿ. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಊರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನದಲ್ಲಿ ಚಿಕ್ಕ ಗುಂಪು ಸೇರಿಸಿ ಕಲಿಸಿದರು. ಬಯಲಿನ ಗಾಳಿ, ಕಡಿಮೆ ಮಕ್ಕಳು, ಎದುರಿಗೆ ಗುರುತಿನ ಮುಖ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆತಂಕ ಸುಳ್ಳಲ್ಲ. ಆದರೆ ನಿಯಮ ಬಿಗಿ ಮಾಡಿ, ಸೋಂಕು ಇಲ್ಲದ ಊರುಗಳಲ್ಲಾದರೂ ಮುಂದುವರಿಸುವ ಯೋಚನೆ ಬರಬೇಕಿತ್ತು. ಸಿನಿಮಾ ಮಂದಿರ ತೆರೆದ ತಿಂಗಳಲ್ಲೇ ಅರಳಿಕಟ್ಟೆಯ ಪಾಠ ನಿಂತಿತು.

ಮುಂದೆ ಏನಾಯಿತು? 2022-23ನ್ನು ಕಲಿಕಾ ಚೇತರಿಕೆಯ ವರ್ಷ ಎಂದು ಘೋಷಿಸಿ ಮೇ 16ಕ್ಕೇ ಶಾಲೆ ತೆರೆದರು, ಕಲಿಕಾ ಹಾಳೆಗಳನ್ನು ಹಂಚಿದರು. ಹಿಂದುಳಿದ ಓದು, ಬರಹ, ಲೆಕ್ಕಕ್ಕೆ ಇದು ಬೇಕಿತ್ತು. ಆದರೆ ಚೇತರಿಕೆ ಎಂದಾಗಲೂ ನಮ್ಮ ಕಣ್ಣಿಗೆ ಬಿದ್ದದ್ದು ಕಲಿಕೆಯೇ. ತರಗತಿಯಲ್ಲಿ ಒಂದು ಗಂಟೆ ಕೂರಲಾಗದ, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ, ಸಣ್ಣದಕ್ಕೂ ಸಿಟ್ಟಾಗುವ, ಫೋನ್ ಕಿತ್ತುಕೊಂಡರೆ ಊಟ ಬಿಡುವ ಮಕ್ಕಳನ್ನು ‘ಈಗಿನವರಿಗೆ ಶಿಸ್ತಿಲ್ಲ’ ಎಂದು ಬೈದು ಕೈ ತೊಳೆದುಕೊಂಡೆವು. ಅಂದಿನ ಆರನೇ, ಏಳನೇ ತರಗತಿಯವರು ಎಸ್ಸೆಸ್ಸೆಲ್ಸಿ ದಾಟಿದ್ದಾರೆ, ಎಂಟು, ಒಂಬತ್ತರಲ್ಲಿದ್ದವರು ಡಿಗ್ರಿ, ಡಿಪ್ಲೊಮಾ, ದುಡಿಮೆ ಎಂದು ಚದುರಿದ್ದಾರೆ. ಜನರ ನಡುವೆ ಬೆರೆಯುವುದನ್ನು ಕಲಿಯಬೇಕಾದ ವಯಸ್ಸಿನಲ್ಲಿ ಬೆರೆಯಬೇಡಿ ಎಂಬ ಪಾಠ ಕಲಿತವರು ಅವರು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಮುಂದಿನ ಸಲ ಎಂಬುದು ದೂರದ ಮಾತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಿಫಾ ಕಾಣಿಸಿಕೊಂಡಾಗ ಪಕ್ಕದ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಶಾಲೆಗಳು ಮುಚ್ಚಿ ಆನ್‌ಲೈನ್‌ಗೆ ಹೋದವು. ನಾಳೆ ನಮ್ಮ ಜಿಲ್ಲೆಯೊಂದರಲ್ಲೂ ಹಾಗಾಗಬಹುದು. ಆಗ ಕೈಗೆ ಸಿಗುವಂತೆ ಬರೆದಿಟ್ಟ ಒಂದು ಯೋಜನೆ ಶಿಕ್ಷಣ ಇಲಾಖೆಯ ಬಳಿ ಇರಬೇಕು. ಅದರ ಮೊದಲ ಸಾಲು ಹೀಗಿರಲಿ: ಶಾಲೆ ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು. ಮುಚ್ಚಲೇಬೇಕಾದರೆ ವಾರಕ್ಕೆರಡು ಸಲವಾದರೂ ಬಯಲಿನಲ್ಲಿ ಚಿಕ್ಕ ಗುಂಪಾಗಿ ಮಕ್ಕಳು ಸೇರಲಿ, ಪಾಠ ಆಮೇಲೆ ಆಗಲಿ. ಊಟ ಮಗುವಿನ ತಟ್ಟೆಗೇ ಬೀಳುವ ಏರ್ಪಾಡಿರಲಿ. ಎಂಟನೇ ತರಗತಿ ದಾಟಿದ ಪ್ರತಿ ಹುಡುಗಿಯ ಮನೆಗೆ ವಾರಕ್ಕೊಮ್ಮೆ ಶಿಕ್ಷಕರೋ ಆಶಾ ಕಾರ್ಯಕರ್ತೆಯೋ ಹೋಗಿ ಬರಲಿ, ಆ ಭೇಟಿ ಹಾಜರಿಯಂತೆ ದಾಖಲಾಗಲಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗಳ ಹೆಸರನ್ನು ಶಾಲೆಯ ಗೋಡೆಯ ಮೇಲೆ ಬರೆಸಲಿ.

ಮನೆಯವರಿಗೂ ಒಂದು ಮಾತು. ಆ ಎರಡು ವರ್ಷ ಹೇಗಿತ್ತು ಎಂದು ನಿಮ್ಮ ಮಕ್ಕಳನ್ನು ಇದುವರೆಗೆ ಕೇಳಿರದಿದ್ದರೆ ಈಗ ಕೇಳಿ. ನಡುವೆ ಬುದ್ಧಿವಾದ ಹೇಳದೆ ಪೂರ್ತಿ ಕೇಳಿಸಿಕೊಳ್ಳಿ. ನಿದ್ದೆ, ಊಟ, ಗೆಳೆಯರು ಮೂರರಿಂದಲೂ ಮಗ ಅಥವಾ ಮಗಳು ವಾರಗಟ್ಟಲೆ ದೂರ ಸರಿಯುತ್ತಿದ್ದರೆ ಅದು ಸೋಮಾರಿತನವಲ್ಲ, ನೆರವು ಬೇಕೆಂಬ ಸೂಚನೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಾಲ್ಯವಿವಾಹ, ದುಡಿಮೆ, ದೌರ್ಜನ್ಯದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ, ಮಕ್ಕಳಿಗೂ ಕೊಡಿ.